ಹೆದರದವನ ಆತ್ಮರಕ್ಷಣೆ

ಕೀಲಕ ಸಂವತ್ಸರದ ಮಾರ್ಗಶಿರ ಮಾಸದಲ್ಲಿ, ಒಂದು ಗುರುವಾರ ಬೆಳಿಗ್ಗೆ, ಚಿಕ್ಕಜಾಜೂರು ಸ್ಟೇಷನ್ನಿನಿಂದ ಹೊಳಲ್ಕೆರೆಯ ಕಡೆಗೆ ಬರುವ ರಸ್ತೆಯಲ್ಲಿ, ಚಿತ್ರದುರ್ಗದ ಬಾಡಿಗೆ ಗಾಡಿಯ ಬೊಮ್ಮಣ್ಣನು ಇನ್ನೊಬ್ಬ ಗಾಡಿಯವನಾದ ಕೆಂಚಪ್ಪನ ಬಲಗೈಯನ್ನು ಮೊಣಕೈಯ ಬಳಿ ಮುರಿದನು. ಇಷ್ಟರ ಮಟ್ಟಿಗೆ ಯಾರಿಗೂ ತಕರಾರಿಲ್ಲ. ಬೊಮ್ಮಣ್ಣನಿಗೂ ಇರಲಿಲ್ಲ.

ನಾನು ಈ ಸೀಮೆಯ ತಾಲ್ಲೂಕುಗಳಿಂದ ಒಂದು ವಾರಪತ್ರಿಕೆಗೆ ವರ್ತಮಾನ ಬರೆದು ಕಳಿಸುವವನು. ಎಲ್ಲಿ, ಯಾವಾಗ, ಯಾರು ಎಂಬುದು ನನ್ನ ಇಲಾಖೆ. ಏಕೆ ಎಂಬುದು ಸಂಪಾದಕರದು. ಅದನ್ನು ಅವರು ಊರಿನಲ್ಲಿ ಕುಳಿತೇ ಬರೆಯುತ್ತಾರೆ. ಬೊಮ್ಮಣ್ಣನ ಮೊಕದ್ದಮೆಯನ್ನು ನಾನು ಒಂದು ಪುಟ ಬರೆದು ಕಳಿಸಿದೆ. ಅದು ಕೆರೆಯ ತೂಬಿನ ರಿಪೇರಿಗೂ ಕಳೆದುಹೋದ ಎಮ್ಮೆಗೂ ನಡುವೆ ಎರಡು ಸಾಲಾಗಿ ಅಚ್ಚಾಯಿತು. ಎರಡು ಸಾಲುಗಳೂ ಸರಿಯಾಗಿಯೇ ಇದ್ದವು. ಉಳಿದದ್ದು ನನ್ನ ಬಳಿ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊಕದ್ದಮೆ ನಡೆದದ್ದು ಯಾವ ಕಚೇರಿಯಲ್ಲಿ, ಯಾವ ಮ್ಯಾಜಿಸ್ಟ್ರೇಟರ ಮುಂದೆ ಎಂಬುದನ್ನು ಬಿಟ್ಟಿದ್ದೇನೆ. ಅವರು ಕಾಯಿದೆಯಲ್ಲಿ ಇದ್ದದ್ದನ್ನು ಮಾಡಿದರು. ಕಾಯಿದೆಯಲ್ಲಿ ಇಲ್ಲದ್ದನ್ನು ಮಾಡಬೇಕಿತ್ತೆಂದು ನಾನು ಯಾವ ಬಾಯಿಯಿಂದ ಹೇಳಲಿ?

ಮೊದಲು ನನ್ನ ಆತ್ಮರಕ್ಷಣೆಯ ವಿಷಯ ಹೇಳಿಬಿಡುತ್ತೇನೆ, ಅದು ಬಹಳ ಚಿಕ್ಕದು. ನಾನು ಓಡುತ್ತೇನೆ. ನಾಯಿ ಗುರ್ರೆಂದರೆ ಬೀದಿ ಬದಲಿಸುತ್ತೇನೆ. ಕುಡಿದವನು ಎದುರಾದರೆ, ಯಾವುದೋ ಕೆಲಸ ಮರೆತು ಬಂದವನಂತೆ ಹಣೆ ಬಡಿದುಕೊಂಡು ಹಿಂದಿರುಗುತ್ತೇನೆ. ಚಿಕ್ಕಂದಿನಲ್ಲಿ ನಮ್ಮ ತಂದೆಯವರು ನನ್ನನ್ನು ಚಿತ್ರದುರ್ಗದ ಕೋಟೆಯ ಬುಡದ ಗರಡಿಗೆ ಕರೆದುಕೊಂಡು ಹೋಗಿದ್ದರು. ವಸ್ತಾದ್ ನಿಂಗಪ್ಪನವರು ನನ್ನ ತೋಳನ್ನು ಸೌತೆಕಾಯಿ ಮುಟ್ಟಿ ನೋಡುವ ಹಾಗೆ ನೋಡಿ, "ಸ್ವಾಮಿ, ಈ ಮಗೀನ ಓದ್ಸ್ರಿ" ಎಂದರು. ಹಾಗಾಗಿ ಓದಿದೆ. ಓದಿದ ಮೇಲೆ ತಿಳಿದದ್ದೇನೆಂದರೆ, ದಂಡಸಂಹಿತೆಯನ್ನು ಬರೆದವರು ನನ್ನಂಥವನನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದಾರೆ. ಕಾಯಿದೆಯ ದೃಷ್ಟಿಯಲ್ಲಿ ನಾನೊಬ್ಬ ಆದರ್ಶ ಪ್ರಜೆ.

ಅದರಲ್ಲಿ ಹೇಳಿರುವುದು ಇಷ್ಟು. ಮೈಗೆ ಅಪಾಯ ಬಂದಾಗ ಕೈ ಎತ್ತುವ ಹಕ್ಕು ಎಲ್ಲರಿಗೂ ಉಂಟು. ಅಪಾಯವಿದೆ ಎಂಬ ಸಕಾರಣವಾದ ಭಯ ಹುಟ್ಟಿದ ಕ್ಷಣದಲ್ಲಿ ಹಕ್ಕು ಹುಟ್ಟುತ್ತದೆ, ಭಯ ಇರುವ ತನಕ ಬದುಕಿರುತ್ತದೆ, ಭಯ ಹೋದೊಡನೆ ಸಾಯುತ್ತದೆ. ತಪ್ಪಿಸಿಕೊಳ್ಳುವುದಕ್ಕೆ ಎಷ್ಟು ಬೇಕೋ ಅಷ್ಟೇ ಪೆಟ್ಟು ಕೊಡಬೇಕು. ಸರ್ಕಾರದ ಆಸರೆ ಬೇಡುವುದಕ್ಕೆ ಸಮಯವಿದ್ದರೆ ಹಕ್ಕೇ ಇಲ್ಲ. ಓದುವಾಗ ಇದರಲ್ಲಿ ಒಂದು ಅಕ್ಷರವೂ ಅನ್ಯಾಯವೆನಿಸುವುದಿಲ್ಲ. ದೀಪದ ಮುಂದೆ, ಒರಗು ದಿಂಬಿಗೆ ಒರಗಿ ಓದಿದರಂತೂ ಬಹಳ ಚೆನ್ನಾಗಿದೆ.

ನಮ್ಮ ಕೋಟೆಯ ಕಿಂಡಿಯೊಂದರ ಬಳಿ ಒನಕೆ ಹಿಡಿದು ನಿಂತ ಹೆಣ್ಣುಮಗಳ ಕಥೆಯನ್ನು ನಾವೆಲ್ಲ ಅಜ್ಜಿಯರ ಬಾಯಿಂದ ಕೇಳಿದವರೇ. ಕಿಂಡಿಯಿಂದ ತಲೆ ಹೊರಗೆ ಬಂದ ಹಾಗೆಲ್ಲ ಆಕೆ ಒನಕೆ ಇಳಿಸಿದಳು. ಈಗಿನ ಸರ್ಕಾರಿ ವಕೀಲರ ಕೈಗೆ ಆಕೆ ಸಿಕ್ಕಿದ್ದರೆ ಏನು ಕೇಳುತ್ತಿದ್ದರೆಂದು ನಾನು ಆಗಾಗ ಯೋಚಿಸುತ್ತೇನೆ. ಅಮ್ಮಾ, ಮೊದಲನೆಯವನು ಬಿದ್ದ ಮೇಲೆ ಎರಡನೆಯವನು ತೆವಳಿಕೊಂಡು ಬರುವಷ್ಟರಲ್ಲಿ ಠಾಣೆಗೆ ಹೋಗಿ ತಿಳಿಸಬಹುದಿತ್ತಲ್ಲ? ಹೆಣವನ್ನು ಪಕ್ಕಕ್ಕೆ ಎಳೆದಿಟ್ಟೆಯಂತೆ. ಹೆದರಿದವರು ಹೆಣ ಎಳೆಯುತ್ತಾರೆಯೆ? ಪುಣ್ಯಕ್ಕೆ ಆಗ ದಂಡಸಂಹಿತೆ ಇರಲಿಲ್ಲ.

ಬೊಮ್ಮಣ್ಣನ ಕಾಲಕ್ಕೆ ಇತ್ತು.

ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ಮುಂದೆ ಗಾಡಿಗಳು ಬಂದ ಸರದಿಯಂತೆ ಮಾಲು ತುಂಬಿಕೊಳ್ಳುವುದು ವಾಡಿಕೆ. ಆ ಬೆಳಿಗ್ಗೆ ಕೆಂಚಪ್ಪನ ಸರದಿ ಬಂದಾಗ ಅವನು ತನ್ನ ಗಾಡಿಯ ಕೆಳಗೆ ಕಂಬಳಿ ಹೊದ್ದು ಮಲಗಿದ್ದ. ಎಬ್ಬಿಸಿದರೂ ಏಳಲಿಲ್ಲ. ಹಿಂದಿದ್ದ ಬೊಮ್ಮಣ್ಣ ಗಾಡಿಯನ್ನು ಮುಂದಕ್ಕೆ ಹೊಡೆದು ಸೀಮೆಎಣ್ಣೆ ಡಬ್ಬಗಳನ್ನೂ ಬಟ್ಟೆಯ ಬೇಲುಗಳನ್ನೂ ತುಂಬಿಕೊಂಡು ಹೊರಟ. ಜಗಳದ ಬೇರು ಇಷ್ಟೇ: ಒಬ್ಬನ ನಿದ್ದೆ. ಎದ್ದ ಕೆಂಚಪ್ಪ ಖಾಲಿ ಗಾಡಿಯನ್ನು ಒಳದಾರಿಯಲ್ಲಿ ಓಡಿಸಿಕೊಂಡು ಬಂದು, ರುದ್ರವ್ವನ ಮಂಡಕ್ಕಿ ಅಂಗಡಿಯ ಎದುರು ರಸ್ತೆಗೆ ಅಡ್ಡ ನಿಲ್ಲಿಸಿ, ಕೈಯಲ್ಲಿ ದೊಣ್ಣೆ ಹಿಡಿದು ನಿಂತ. ಬೊಮ್ಮಣ್ಣನ ಗಾಡಿ ಹತ್ತಿರ ಬಂದೊಡನೆ ತಲೆಗೆ ಬೀಸಿದ. ಬೊಮ್ಮಣ್ಣ ಬಗ್ಗಿದ. ದೊಣ್ಣೆ ಗಾಡಿಯ ಮುಂಭಾಗದ ಮೂಕಿಮರಕ್ಕೆ ಬಡಿಯಿತು.

ಇಲ್ಲಿಂದ ಮುಂದಿನದನ್ನು ಕಣ್ಣಾರೆ ಕಂಡವಳು ರುದ್ರವ್ವ ಒಬ್ಬಳೇ. ಕಚೇರಿಯಲ್ಲಿ ಅವಳು ಹೇಳಿದ್ದನ್ನು ನಾನು ಬರೆದುಕೊಂಡ ಹಾಗೆ ಕೊಡುತ್ತೇನೆ.

"ಗಾಡಿಯಿಂದ ಜಿಗಿದ ಸ್ವಾಮಿ. ಬಗ್ಗಿ ನೆಲದ ಮಣ್ಣು ಮುಟ್ಟಿ ಕಣ್ಣಿಗೊತ್ಕಂಡ. ಆಮೇಲೆ ತೊಡೆ ತಟ್ಟಿದ. ನಾನು ಏನೋ ಆಟ ಐತೆ ಅಂದ್ಕಂಡು ಮಂಡಕ್ಕಿ ಅಳೆಯೋದು ಬಿಟ್ಟು ನೋಡ್ತಾ ನಿಂತೆ."

"ಆಮೇಲೆ?" ಎಂದರು ಸರ್ಕಾರದ ಪರ ವಕೀಲರು.

"ಆಮೇಲೆ ಕೆಂಚಪ್ಪ ಇನ್ನೊಂದ್ ಸಲ ಬೀಸಿದ. ಈ ಯಪ್ಪ ಆ ಕೈ ಹಿಡಿದು ಹಿಂಗೆ ತಿರುವಿದ. ದೊಣ್ಣೆ ಬಿತ್ತು. ಕೈ ಲಟಕ್ ಅಂತು."

"ದೊಣ್ಣೆ ಮೊದಲು ಬಿತ್ತೋ, ಕೈ ಮೊದಲು ಮುರಿಯಿತೋ?"

ರುದ್ರವ್ವ ಯೋಚಿಸಿದಳು. "ದೊಣ್ಣೆ ಬಿದ್ದಿದ್ದು ಮೊದ್ಲು ಕಾಣ್ತು. ಲಟಕ್ ಅಂದಿದ್ದು ಆಮೇಲೆ ಕೇಳ್ತು."

ಬೊಮ್ಮಣ್ಣನ ಮೊಕದ್ದಮೆ ಸೋತದ್ದು ಈ ಮಾತಿನಲ್ಲಿ ಎಂದು ಊರಿನವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆದರೂ ಇದನ್ನು ಸ್ವಲ್ಪ ನೋಡಬೇಕು. ದೊಣ್ಣೆ ಬಿದ್ದ ಮೇಲೆ ಅಪಾಯವಿಲ್ಲ. ಅಪಾಯವಿಲ್ಲದ ಮೇಲೆ ಭಯವಿಲ್ಲ, ಭಯವಿಲ್ಲದ ಮೇಲೆ ಹಕ್ಕಿಲ್ಲ. ಹಾಗಾದರೆ ಕೈ ಮುರಿದದ್ದು ಅಪರಾಧ. ಬೊಮ್ಮಣ್ಣ ಸಾಮು ಕಲಿತ ನಿಂಗಪ್ಪನವರ ಗರಡಿಯವರನ್ನು ಕೇಳಿದರೆ ಆ ಕುಸ್ತಿಪಟ್ಟಿಗೆ ನಡುವೆ ನಿಲ್ದಾಣವಿಲ್ಲ ಎನ್ನುತ್ತಾರೆ. ಹಿಡಿಯುವುದು, ತಿರುವುವುದು, ಒತ್ತುವುದು ಒಂದೇ ಉಸಿರು. ವರ್ಷಗಟ್ಟಲೆ ಸಾಮು ಮಾಡುವುದೇ ಅದು ಒಂದೇ ಉಸಿರಾಗಲಿ ಎಂದು. ಕಚೇರಿಯಲ್ಲಿ ಆ ಉಸಿರನ್ನು ಮೂರು ತುಂಡು ಮಾಡಿ ಮೇಜಿನ ಮೇಲೆ ಇಟ್ಟು, ಎರಡನೆಯ ತುಂಡಿನ ಹತ್ತಿರ ನೀನೇಕೆ ನಿಲ್ಲಲಿಲ್ಲ ಎಂದು ಕೇಳಿದರು. ಜಾರಿ ಬಿದ್ದವನನ್ನು ಅರ್ಧ ದಾರಿಯಲ್ಲಿ ಏಕೆ ನಿಲ್ಲಲಿಲ್ಲವೆಂದು ಕೇಳಿದ ಹಾಗೆ.

ಇನ್ನು ಮಣ್ಣು ಮುಟ್ಟಿದ ವಿಷಯ. ಗರಡಿಯ ಕೆಮ್ಮಣ್ಣಿನ ಮೇಲೆ ಕಾಲಿಡುವ ಯಾರೂ ಆ ಮಣ್ಣನ್ನು ಕಣ್ಣಿಗೆ ಒತ್ತಿಕೊಳ್ಳದೆ, ತೊಡೆ ತಟ್ಟದೆ ಎದುರಾಳಿಯ ಮೈ ಮುಟ್ಟುವಂತಿಲ್ಲ. ಮುಟ್ಟಿದರೆ ವಸ್ತಾದರ ಬೆತ್ತ ಬೆನ್ನಿಗೆ ಬರುತ್ತದೆ. ಎಂಟನೆಯ ವಯಸ್ಸಿನಿಂದ ಹಾಗೆ ಮಾಡಿದವನ ಕೈ ರಸ್ತೆ ಯಾವುದು, ಗರಡಿ ಯಾವುದು ಎಂದು ವಿಚಾರಿಸುವುದಿಲ್ಲ. ತಲೆ ಒಡೆಯಲು ಬಂದವನ ಮುಂದೆಯೂ ಬೊಮ್ಮಣ್ಣ ಕ್ರಮ ತಪ್ಪಲಿಲ್ಲ. ಸರ್ಕಾರದ ಪರ ಬಂದ ವಕೀಲರು ಬುದ್ಧಿವಂತರು. ಅವರು ಇದರಲ್ಲಿ ಎರಡು ಅರ್ಥ ತೆಗೆದರು. ತೊಡೆ ತಟ್ಟಿದವನು ಜಗಳಕ್ಕೆ ಕರೆದವನು. ಕರೆದವನಿಗೆ ಆತ್ಮರಕ್ಷಣೆ ಎಲ್ಲಿಯದು? ಅದು ಒಂದು. ಮಣ್ಣಿಗೆ ನಮಸ್ಕಾರ ಮಾಡುವಷ್ಟು ಪುರುಸೊತ್ತಿದ್ದವನಿಗೆ ಓಡಿಹೋಗುವಷ್ಟು ಪುರುಸೊತ್ತು ಇರಲಿಲ್ಲವೆ? ಇದು ಇನ್ನೊಂದು. ಠಾಣೆ ಅಲ್ಲಿಂದ ಹರದಾರಿಗಟ್ಟಲೆ ದೂರ. ಆದರೆ ಅವರು ಕೇಳಿದ್ದು ಸಮಯದ ಮಾತು, ದೂರದ್ದಲ್ಲ.

ಬೊಮ್ಮಣ್ಣನ ಮೈಮೇಲೆ ಒಂದು ಗೀರೂ ಇರಲಿಲ್ಲ. ಇದೂ ಅವನಿಗೆ ವಿರುದ್ಧವಾಯಿತು. ಏಟು ತಿಂದವನ ಮೈಯೇ ಅವನ ಸಾಕ್ಷಿ. ಏಟು ತಪ್ಪಿಸಿಕೊಂಡವನಿಗೆ ಸಾಕ್ಷಿಯಿಲ್ಲ. ಒಂದು ಕಡೆ ಬಟ್ಟೆಯಲ್ಲಿ ಕೈ ಕಟ್ಟಿಕೊಂಡು ನರಳುವ ಕೆಂಚಪ್ಪ, ಇನ್ನೊಂದು ಕಡೆ ಎಣ್ಣೆ ತಿಕ್ಕಿದ ಕಂಬದಂಥ ಬೊಮ್ಮಣ್ಣ. ಯಾರಿಂದ ಯಾರನ್ನು ರಕ್ಷಿಸಬೇಕೆಂದು ನೋಡಿದವರು ಕೇಳಬೇಕಾಗಿರಲಿಲ್ಲ. ವಿದ್ಯೆ ಕಲಿತದ್ದರ ಫಲ ಇದೇ ಆದರೆ, ನಾಲ್ಕು ಪೆಟ್ಟು ತಿಂದು ಆಮೇಲೆ ತಿರುಗಿಬೀಳುವುದನ್ನು ಗರಡಿಗಳಲ್ಲಿ ಹೊಸದಾಗಿ ಹೇಳಿಕೊಡಬೇಕಾಗುತ್ತದೆ.

ಬೊಮ್ಮಣ್ಣನ ಪರ ಹಿರಿಯೂರಿನಿಂದ ಬಂದಿದ್ದ ವಕೀಲ ನರಸಿಂಗರಾಯರು ನನಗೆ ಹಳೆಯ ಪರಿಚಯ. ವಿಚಾರಣೆಯ ಹಿಂದಿನ ದಿನ ಅವರ ಜೊತೆ ನಾನೂ ದುರ್ಗದಲ್ಲಿ ಬೊಮ್ಮಣ್ಣನ ಮನೆಗೆ ಹೋಗಿದ್ದೆ. ಅವನು ಜಾಮೀನಿನ ಮೇಲೆ ಇದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಗೌರಕ್ಕ ಹೊಸದುರ್ಗದ ಕಡೆಯವಳು, ಆಗ ಬಸುರಿ. ಬಾಗಿಲ ಹಿಂದೆ ನಿಂತಿದ್ದಳು.

"ನೋಡಪ್ಪ," ಎಂದರು ರಾಯರು. "ನಾಳೆ ಸಾಹೇಬ್ರು ನಿನ್ನ ಒಂದು ಮಾತು ಕೇಳ್ತಾರೆ, ಹೆದರಿದ್ದೆಯಾ ಅಂತ. ಹೂಂ, ಹೆದರಿದ್ದೆ ಅನ್ನು. ಮಣ್ಣು ಮುಟ್ಟಿದ್ದು ಅಭ್ಯಾಸ ಅಂತ ನಾನು ಹೇಳ್ತೀನಿ. ಆದ್ರೆ ಹೆದರಿಕೆ ನೀನೇ ಹೇಳ್ಬೇಕು. ಅದನ್ನ ನಾನು ಹೇಳಕ್ಕೆ ಬರಲ್ಲ."

"ಯಾರಿಗೆ ಹೆದರೋದು ರಾಯರೆ? ಆ ಕೆಂಚನಿಗಾ?"

"ದೊಣ್ಣೆಗೆ ಹೆದರಪ್ಪ. ಕೆಂಚನಿಗೆ ಬ್ಯಾಡ."

"ನಾನು ಹೇಳಿಸ್ತೀನಿ ಬಿಡ್ರಿ," ಎಂದಳು ಗೌರಕ್ಕ ಒಳಗಿನಿಂದ. ಆಮೇಲೆ ಗಂಡನಿಗೆ, "ಅನ್ರಿ ಒಂದ್ಸಲ, ಕೇಳಾಣ."

ಬೊಮ್ಮಣ್ಣ ಎದ್ದು ನಿಂತು, ಎದೆ ಮುಂದೆ ಮಾಡಿ, ಓಣಿಗೆಲ್ಲ ಕೇಳುವಂತೆ "ಹೆದರಿದ್ದೆ ಸ್ವಾಮಿ" ಎಂದ.

"ಅಷ್ಟು ಜೋರಾಗಿ ಬ್ಯಾಡಪ್ಪ," ಎಂದರು ರಾಯರು. "ಸಾಹೇಬ್ರು ಹೆದರ್ಕಂತಾರೆ."

ಗೌರಕ್ಕ ನಕ್ಕಳು. ಬೊಮ್ಮಣ್ಣನೂ ನಕ್ಕ. ಮತ್ತೆ ಮತ್ತೆ ಅನ್ನಿಸಿದಳು. ಶಾಲೆಯ ಮಗ್ಗಿಯಂತೆ ಒಪ್ಪಿಸಿದ. ಕೊನೆಗೆ ರಾಯರಿಗೆ ಸಮಾಧಾನವಾಗುವಷ್ಟು ಮೆತ್ತಗೆ ಬಂತು. ಹೊರಡುವಾಗ ಗೌರಕ್ಕ ಬಾಗಿಲ ಹೊರಗೆ ಬಂದು, "ಕೂಸು ಬರೋ ಹೊತ್ತಿಗೆ ಇವ್ರು ಮನೆಯಾಗಿರ್ಬೇಕು ರಾಯರೆ, ನಾನು ಬೇರೇನೂ ಕೇಳಲ್ಲ" ಎಂದಳು. ಇರುತ್ತಾನೆಂದು ರಾಯರು ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ನಂಬಿದ್ದರು. ನಾನೂ ನಂಬಿದ್ದೆ.

ನಾವು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಗರಡಿಯವರ ವಿಶ್ವಾಸವನ್ನು. ಮಾರನೆಯ ದಿನ ಕಚೇರಿಯ ಮುಂದೆ ದುರ್ಗದಿಂದ ಗಾಡಿಗಳು ಬಂದು ನಿಂತವು. ಒಗೆದ ಪಂಚೆ, ಹೊಸ ರುಮಾಲು ಸುತ್ತಿದ ಗರಡಿಯವರು ಇಳಿದರು. ಕೊನೆಗೆ ವಸ್ತಾದ್ ನಿಂಗಪ್ಪನವರು ಇಳಿದರು. ಮುಪ್ಪಾಗಿದ್ದರು, ಆದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಎಲ್ಲರೂ ಒಳಗೆ ಬಂದು ಗೋಡೆಯುದ್ದಕ್ಕೂ ಕೈಕಟ್ಟಿ ನಿಂತರು. ಶಿಷ್ಯ ಒಂಟಿಯೆಂದು ಯಾರೂ ತಿಳಿಯಬಾರದು ಎಂಬುದಕ್ಕಾಗಿ ಅಷ್ಟು ದೂರ ಬಂದಿದ್ದರು. ನರಸಿಂಗರಾಯರು ಅವರನ್ನು ಕಂಡದ್ದೇ ಮುಖ ಸಪ್ಪೆ ಮಾಡಿಕೊಂಡು ನನ್ನ ಕಿವಿಯಲ್ಲಿ, "ಇವ್ರನ್ನ ಹ್ಯಾಗಾದ್ರೂ ಹೊರಗೆ ಕರ್ಕಂಡು ಹೋಗ್ರಿ" ಎಂದರು.

ನಾನು ವಸ್ತಾದರ ಹತ್ತಿರ ಹೋಗಿ, ಇಲ್ಲಿ ಸೆಖೆ, ಹೊರಗೆ ಹುಣಸೆಮರದ ನೆರಳಿದೆ, ಬನ್ನಿ ಎಂದೆ.

"ನಮ್ಮ ಹುಡುಗ ಕಟಕಟೆಯಾಗೆ ನಿಂತಾನೆ," ಎಂದರು ಅವರು. "ನಾವು ನೆರಳಾಗೆ ಕುಂತ್ಕಳಾಣ ಅಂತೀರಾ? ಓದಿದೋರು ನೀವು, ಹಿಂಗೆ ಮಾತಾಡಬಾರ್ದು."

ನಿಜವಾದ ಕಾರಣವನ್ನು ಹೇಳುವ ಹಾಗಿರಲಿಲ್ಲ. ನಾನು ನನ್ನ ಜಾಗಕ್ಕೆ ಬಂದು ಕುಳಿತೆ.

ಮ್ಯಾಜಿಸ್ಟ್ರೇಟರು ಒರಟರಲ್ಲ. ಬೊಮ್ಮಣ್ಣನನ್ನು ನೋಡಿ ನಿಧಾನವಾಗಿಯೇ ಕೇಳಿದರು: "ದೊಣ್ಣೆ ಬೀಸಿದಾಗ ನಿನಗೆ ಪ್ರಾಣಭಯವಾಯಿತೆ?"

ಬೊಮ್ಮಣ್ಣ ಬಾಯಿ ತೆರೆದ. ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ವಸ್ತಾದರು ಗದ್ದ ಮೇಲೆತ್ತಿ ನಿಂತಿದ್ದರು.

"ಇಲ್ಲ ಸ್ವಾಮಿ."

"ಯೋಚಿಸಿ ಹೇಳು. ಸ್ವಲ್ಪವೂ ಭಯವಾಗಲಿಲ್ಲವೆ?"

"ನಾನು ಗರಡಿಯವ್ನು ಸ್ವಾಮಿ. ನಾವು ಹೆದರಲ್ಲ."

ಗೋಡೆಯ ಹತ್ತಿರ ಯಾರೋ ಶಹಬ್ಬಾಸ್ ಎಂದರು. ಜವಾನ ಸದ್ದು ಎಂದ. ನರಸಿಂಗರಾಯರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಭಯವಿದ್ದಲ್ಲಿ ಮಾತ್ರ ಹುಟ್ಟುವ ಹಕ್ಕು ತನ್ನಲ್ಲಿ ಹುಟ್ಟಲೇ ಇಲ್ಲವೆಂದು ಆಪಾದಿತನೇ ಹೇಳಿದ ಮೇಲೆ ವಕೀಲರಿಗೆ ಮಾಡುವ ಕೆಲಸವೇನು? ತೀರ್ಪು ಅಂದೇ ಮಧ್ಯಾಹ್ನ ಬಂತು. ತೀವ್ರ ಗಾಯ ಮಾಡಿದ್ದಕ್ಕೆ ಆರು ತಿಂಗಳು ಕಠಿಣ ಸಜೆ. ಕೆಂಚಪ್ಪ ಮೊದಲು ಬೀಸಿದನೆಂಬುದನ್ನು ಮ್ಯಾಜಿಸ್ಟ್ರೇಟರು ನಂಬಿದರು. ಆದರೆ ಆ ದೊಣ್ಣೆ ಮೂಕಿಗೆ ಬಡಿದದ್ದರಿಂದ ಅವನಿಗೆ ಎಚ್ಚರಿಕೆ ಹೇಳಿ ಕಳಿಸಿದರು.

ತೀರ್ಪಿನಲ್ಲಿ ತಪ್ಪು ಹುಡುಕುವುದಕ್ಕೆ ನಾನು ಪ್ರಯತ್ನಪಟ್ಟಿದ್ದೇನೆ. ಸಿಕ್ಕಿಲ್ಲ. ಒಂದೊಂದೇ ಮೆಟ್ಟಿಲು ನೋಡಿದರೆ ಗಟ್ಟಿಯಾಗಿದೆ. ಹತ್ತಿಹೋದರೆ ಜೈಲು ಸಿಗುತ್ತದೆ. ಕಾಯಿದೆ ಒಬ್ಬ ಮನುಷ್ಯನಿಂದ ಕೇಳುವುದು ಇದು: ಮೊದಲು ಹೆದರಬೇಕು. ಹೆದರಿದರೂ ಲೆಕ್ಕ ತಪ್ಪಬಾರದು. ಬೇಕಾದಷ್ಟೇ ಹೊಡೆಯಬೇಕು. ಕೊನೆಗೆ ಹೆದರಿದ್ದೆನೆಂದು ಎಲ್ಲರ ಎದುರಿಗೆ ಒಪ್ಪಿಕೊಳ್ಳಬೇಕು. ಗರಡಿ ಒಬ್ಬ ಮನುಷ್ಯನಿಗೆ ಕಲಿಸುವುದು ಇದಕ್ಕೆ ತಿರುಗುಮುರುಗು. ಎರಡು ಕಡೆಯವರೂ ಬೊಮ್ಮಣ್ಣ ಒಳ್ಳೆಯವನಾಗಿರಲಿ ಎಂದೇ ಬಯಸಿದವರು.

ಕಚೇರಿಯ ಹೊರಗೆ ಗರಡಿಯವರು ಹುಣಸೆಮರದ ಕೆಳಗೆ ಸೇರಿದ್ದರು. ಹುಡುಗ ಮಾನ ಉಳಿಸಿದ ಎಂದು ಒಬ್ಬ ಹೇಳುತ್ತಿದ್ದ. ಗಂಡನ ಜೊತೆ ಕಚೇರಿಗೆ ಬಂದಿದ್ದ ಗೌರಕ್ಕ ಸೀದಾ ವಸ್ತಾದರ ಮುಂದೆ ಬಂದು ನಿಂತಳು. ಅವಳ ದನಿ ಎತ್ತರವಾಗಲಿಲ್ಲ.

"ಅಜ್ಜ, ಅವತ್ತು ಮನೆಗೆ ಬಂದು ನೀರು ಕೇಳಿದ್ರು. ಚೊಂಬು ಕೊಟ್ಟೆ. ಕೈ ನಡುಗಿ ನೀರೆಲ್ಲ ಎದೆ ಮ್ಯಾಲೆ ಚೆಲ್ಕಂಡ್ರು. ಒಂದ್ ವಾರ ಬಾಗಿಲು ಸಪ್ಪಳಾದ್ರೆ ಎದ್ದು ಕುಂತ್ಕಂತಿದ್ರು. ತಲೆ ಒಡೆದ್ಹೋಗ್ತಿತ್ತು ಗೌರಿ ಅಂತ ನನ್ ಹತ್ರ ಅಂದಾರೆ. ಹೆದರಿದ್ರು ಅಜ್ಜ. ನೀವಿಲ್ದಿದ್ರೆ ಹೇಳ್ತಿದ್ರು."

ಗರಡಿಯವರು ನೆಲ ನೋಡಿದರು. ವಸ್ತಾದರು, "ಎಲ್ರೂ ಹೆದರ್ತಾರೆ ತಾಯಿ" ಎಂದರು. "ನಾನೂ ಹೆದರೀನಿ. ಹೇಳ್ಬಾರ್ದು ಅಷ್ಟೆ."

"ಹೇಳಿದ್ರೆ ಏನಾಗ್ತಿತ್ತು?"

ವಸ್ತಾದರು ತಿರುಗಿ ನಡೆದರು. ಗಾಡಿ ಹತ್ತಿದರು.

ಅಪೀಲಿಗೆ ಅವಕಾಶವಿತ್ತು. ಗೌರಕ್ಕನ ಮಾತು ಕೇಳಿದ ಮೇಲೆ ನರಸಿಂಗರಾಯರಿಗೆ ಮತ್ತೆ ಹುರುಪು ಬಂದಿತ್ತು. ಆಪಾದಿತನು ಗುರುವಿನ ಎದುರಿನ ಸಂಕೋಚದಿಂದ ನಿಜ ಮರೆಮಾಚಿದನೆಂದೂ ಅವನಿಗೆ ಭಯವಾಗಿದ್ದಕ್ಕೆ ಹೆಂಡತಿಯ ಸಾಕ್ಷಿಯಿದೆಯೆಂದೂ ಅರ್ಜಿ ಬರೆದರು. ಅದನ್ನು ತೆಗೆದುಕೊಂಡು ನಾವಿಬ್ಬರೂ ದುರ್ಗದ ಜೈಲಿಗೆ ಹೋದೆವು. ಬೊಮ್ಮಣ್ಣ ಕಂಬಿಗಳ ಆಚೆ ನಿಂತು ಕೇಳಿದ. ರಾಯರು ಓದಿ ಮುಗಿಸಿ, ಮಸಿಯ ಕುಡಿಕೆ ಮುಂದೆ ಇಟ್ಟರು.

"ಅವ್ಳು ಹಿಂಗಂದ್ಲಾ?" ಎಂದ.

"ನಿಜ ಅಲ್ಲೇನಪ್ಪ?"

"ಚಳಿ ಇತ್ತು ರಾಯರೆ ಅವತ್ತು. ಮಾರ್ಗಶಿರದ ಚಳಿ. ಅದಕ್ಕೆ ಕೈ ನಡುಗಿತ್ತು."

"ಲೇ, ಹೆಂಡ್ತಿ ಬಸುರಿ ಐದಾಳೆ. ಒಂದು ಹೆಬ್ಬೆಟ್ಟು ಒತ್ತಕ್ಕೆ ಏನು ಕಷ್ಟ ನಿಂಗೆ?"

ಬೊಮ್ಮಣ್ಣ ಕಂಬಿಯ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡ. ಇನ್ನೊಬ್ಬರದ್ದೇನೋ ನೋಡಿದ ಹಾಗೆ ನೋಡಿದ. "ನಾಳೆ ನನ್ ಮಗ ಗರಡಿಗೆ ಹೋದ್ರೆ, ನಿಮ್ಮಪ್ಪ ಹೆದರಿದ್ದೆ ಅಂತ ಸರ್ಕಾರದಾಗೆ ಬರೆದುಕೊಟ್ಟಾನೆ ಅಂತಾರೆ ರಾಯರೆ. ಆರು ತಿಂಗ್ಳು ಕಳೀತೈತೆ. ಅದು ಕಳೆಯಲ್ಲ. ಹೋಗ್ಬರ್ರಿ."

ರಾಯರು ಮಸಿಯ ಕುಡಿಕೆಗೆ ಬಿರಡೆ ಹಾಕಿದರು. ಅಪೀಲಿನ ವಾಯಿದೆ ಮುಗಿಯುವವರೆಗೂ ಅರ್ಜಿಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು. ಜೈಲಿನಿಂದ ಕರೆ ಬರಲಿಲ್ಲ.

ಪತ್ರಿಕೆಯ ಕೆಲಸದಲ್ಲಿ ಒಂದು ಅನುಕೂಲವಿದೆ. ಸಂಗತಿ ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ನಾವೂ ನಿಲ್ಲಿಸಬಹುದು. ಈವರೆಗೆ ನನಗೆ ತಿಳಿದಿರುವುದನ್ನು ಕೊಡುತ್ತೇನೆ.

ಬೊಮ್ಮಣ್ಣ ಸಜೆಯಲ್ಲಿದ್ದಾಗ ಗೌರಕ್ಕನಿಗೆ ತವರಿನಲ್ಲಿ ಗಂಡುಮಗುವಾಯಿತು. ಬಿಡುಗಡೆಯ ದಿನ ಜೈಲಿನ ಬಾಗಿಲಿಗೆ ಗರಡಿಯವರು ಹಾರ ತಂದಿದ್ದರು, ವಸ್ತಾದರು ಬಂದಿರಲಿಲ್ಲ. ಕೆಂಚಪ್ಪನ ಕೈ ಸೊಟ್ಟಗೆ ಕೂಡಿಕೊಂಡಿದೆ, ಗಾಡಿ ಹೊಡೆಯುತ್ತಿದ್ದಾನೆ. ಬೊಮ್ಮಣ್ಣ ಹೆಂಡತಿಯನ್ನು ಕರೆತರಲು ಎರಡು ಸಲ ಹೊಸದುರ್ಗಕ್ಕೆ ಹೋಗಿದ್ದಾನೆ. ಮೊದಲನೆಯ ಸಲ ಮಾವ ಊಟಕ್ಕೆ ಹಾಕಿ ಕಳಿಸಿದರು. ಎರಡನೆಯ ಸಲ ಗೌರಕ್ಕ ಬಾಗಿಲಿಗೆ ಬಂದು ಮಗುವನ್ನು ತೋರಿಸಿದಳು. ತಲೆ ಒಡೆದ್ಹೋಗ್ತಿತ್ತು ಅಂತ ನನ್ನ ಹತ್ರ ಅಂದಿದ್ದನ್ನ ನಮ್ಮಪ್ಪನ ಮುಂದೆ ಒಂದ್ಸಲ ಅನ್ರಿ, ಬರ್ತೀನಿ ಎಂದಳಂತೆ. ಅವನು ಸಂಜೆಯವರೆಗೆ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದು, ಖಾಲಿ ಗಾಡಿ ಹೊಡೆದುಕೊಂಡು ದುರ್ಗಕ್ಕೆ ಹಿಂದಿರುಗಿದನು.